ಸಂಗ್ರಹಕ್ಕೆ ಮುಂದಿನ ರಿವಾಲ್ವರ್ ಯಾವುದು?

ರಿವಾಲ್ವರ್ ಸಂಗ್ರಹಿಸುವವರ ಕಪಾಟುಗಳಲ್ಲಿ ಒಂದು ರೋಗ ಪದೇ ಪದೇ ಕಾಣುತ್ತದೆ. ಮೊದಲನೆಯದು ನಾಲ್ಕು ಅಂಗುಲ ನಳಿಗೆಯ .357 ಮ್ಯಾಗ್ನಮ್ (ಬಿರುಸಾದ ತೋಟಾ ಹಾರಿಸುವ ಬಗೆ). ಎರಡನೆಯದು ಅದೇ ಕಂಪನಿಯ ಆರು ಅಂಗುಲದ್ದು. ಮೂರನೆಯದು ಇನ್ನೊಂದು ಕಂಪನಿಯ ನಾಲ್ಕು ಅಂಗುಲದ್ದು. ನಾಲ್ಕನೆಯದಕ್ಕೆ ಕೈಯಿಟ್ಟಾಗ ಕಾರಣ ಕೇಳಿದರೆ, ‘ಇದು ಕಪ್ಪು, ನನ್ನ ಹತ್ತಿರ ಇರುವುದು ಬಿಳಿ’ ಎಂಬ ಉತ್ತರ ಬರುತ್ತದೆ. ಒಂದೊಂದೂ ಒಳ್ಳೆಯ ಆಯುಧವೇ. ಆದರೆ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಎಲ್ಲವೂ ಒಂದೇ ಕತೆ ಹೇಳುತ್ತವೆ. ಮೂರನೆಯದರ ಹೊತ್ತಿಗೆ ಕೇಳುಗನಿಗೆ ಆಕಳಿಕೆ ಬರುತ್ತದೆ.

ಆದ್ದರಿಂದ ಮುಂದಿನದನ್ನು ಆರಿಸುವಾಗ ಕಂಪನಿಯ ಹೆಸರಿನಿಂದ ಶುರುಮಾಡಬೇಡಿ. ಇದಕ್ಕೆ ತೋಟಾ ತುಂಬುವುದು ಹೇಗೆ, ಖಾಲಿಯಾದದ್ದು ಹೊರಬರುವುದು ಹೇಗೆ ಎಂಬ ಪ್ರಶ್ನೆಯಿಂದ ಶುರುಮಾಡಿ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಮೇಲೆ ಈ ಆಯುಧದಲ್ಲಿ ಆದ ದೊಡ್ಡ ಬದಲಾವಣೆಗಳೆಲ್ಲ ಹೆಚ್ಚುಕಡಿಮೆ ಈ ಪ್ರಶ್ನೆಗೆ ಸಿಕ್ಕ ಉತ್ತರಗಳೇ. ಮೊದಲು ಮದ್ದು, ಸೀಸದ ಗುಂಡು, ಕೇಪು ಎಲ್ಲವನ್ನೂ ಬೇರೆ ಬೇರೆಯಾಗಿ ತುಂಬುತ್ತಿದ್ದರು. 1857ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿ ಸಿಲಿಂಡರಿನ (ತೋಟಾ ಹಿಡಿದು ತಿರುಗುವ ಉರುಳೆಯ) ಕೋಣೆಗಳನ್ನು ಆರಪಾರ ಕೊರೆದು ಹಿಂದಿನಿಂದ ಲೋಹದ ತೋಟಾ ತುಂಬುವ ಪುಟ್ಟ .22 ರಿವಾಲ್ವರ್ ತಂದಿತು. 1870ರ ಅದೇ ಕಂಪನಿಯ ಮಾಡೆಲ್ 3 ನಡುವಿನಲ್ಲಿ ಬಗ್ಗಿ, ಖಾಲಿ ತೋಟಾಗಳನ್ನೆಲ್ಲ ಒಮ್ಮೆಗೇ ಹೊರಚೆಲ್ಲಿತು. 1889ರ ಕೋಲ್ಟಿನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಂಡಿತು. ಇಂದು ಅಂಗಡಿಯಲ್ಲಿ ಕಾಣುವ ಬಹುಪಾಲು ರಿವಾಲ್ವರುಗಳು ಈ ಕೊನೆಯ ವಂಶದವು. ಒಂದೇ ವಂಶದೊಳಗಿನ ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ಎರಡು ವಂಶಗಳ ನಡುವಿನ ಅಂತರ ಬಹಳ ದೊಡ್ಡದು.

ಕಾನೂನಿನ ಮಾತನ್ನು ಮೊದಲೇ ಮುಗಿಸೋಣ. ಎಷ್ಟು ಆಯುಧ ಇಟ್ಟುಕೊಳ್ಳಬಹುದು, ಯಾವ ಕ್ಯಾಲಿಬರ್ (ನಳಿಗೆಯ ಒಳವ್ಯಾಸ) ನಿಷಿದ್ಧ, ಹಳೆಯದಕ್ಕೆ ರಿಯಾಯಿತಿ ಇದೆಯೇ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಒಕ್ಕೂಟ ಕಾನೂನು 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದನ್ನು ಪುರಾತನ ಆಯುಧ ಎಂದು ಪರಿಗಣಿಸುತ್ತದೆ. ಬೇರೆ ಕಡೆ ಆ ಗೆರೆ ಬೇರೆ, ಕೆಲವೆಡೆ ಗೆರೆಯೇ ಇಲ್ಲ. ಪರವಾನಗಿಯಲ್ಲಿ ಒಂದೇ ಜಾಗ ಉಳಿದಿರುವವರು ಮುಂದಿನ ಮಾತುಗಳನ್ನು ಇನ್ನಷ್ಟು ಬಿಗಿಯಾಗಿ ಓದಿಕೊಳ್ಳಬೇಕು: ಅಂಥವರಿಗೆ ಒಂದೇ ಬಗೆಯದನ್ನು ಮತ್ತೊಮ್ಮೆ ಕೊಳ್ಳುವ ಸುಖ ಇಲ್ಲ.

ಸಿಂಗಲ್ ಆ್ಯಕ್ಷನ್: ಅಸಲಿ, ಪ್ರತಿಕೃತಿ, ರೂಗರ್

1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ಕೈಗೆ ಬಂದ ಕೂಡಲೇ ಕೈ ಅದನ್ನು ಒಪ್ಪಿಕೊಳ್ಳುತ್ತದೆ. 1851ರ ನೇವಿ ಮಾದರಿಯಿಂದ ಬಂದ ಆ ಹಿಡಿ, ಗುಂಡು ಹಾರಿದಾಗ ಅಂಗೈಗೆ ಗುದ್ದದೆ ಅಂಗೈಯೊಳಗೇ ಮೇಲಕ್ಕೆ ಹೊರಳುತ್ತದೆ. ಪ್ರತಿ ಸಲವೂ ಹ್ಯಾಮರನ್ನು, ಅಂದರೆ ತೋಟಾಕ್ಕೆ ಪೆಟ್ಟು ಕೊಡುವ ಹಿಂಬದಿಯ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ಎಳೆಯಬೇಕು, ಬಲಬದಿಯ ಪುಟ್ಟ ಬಾಗಿಲಿನಿಂದ ಒಂದೊಂದೇ ತೋಟಾ ತುಂಬಬೇಕು, ನಳಿಗೆಯ ಪಕ್ಕದ ಕಡ್ಡಿಯಿಂದ ಒಂದೊಂದನ್ನೇ ಹೊರತಳ್ಳಬೇಕು. ಆರು ಕೋಣೆಗಳಿದ್ದರೂ ಐದನ್ನೇ ತುಂಬಿ ಹ್ಯಾಮರನ್ನು ಖಾಲಿ ಕೋಣೆಯ ಮೇಲೆ ಇಳಿಸುವುದು ವಾಡಿಕೆ. ಇಲ್ಲವಾದರೆ ಕೆಳಗೆ ಬಿದ್ದ ಪೆಟ್ಟಿಗೇ ಗುಂಡು ಹಾರಬಹುದು.

ಸಂಗ್ರಾಹಕರು ಇವನ್ನು ಮೂರು ತಲೆಮಾರುಗಳಾಗಿ ಎಣಿಸುತ್ತಾರೆ: 1873ರಿಂದ ಎರಡನೆಯ ಮಹಾಯುದ್ಧದ ಆರಂಭದವರೆಗಿನದು, 1956ರಿಂದ 1974ರವರೆಗಿನದು, 1976ರ ನಂತರದ್ದು. ಮೊದಲ ತಲೆಮಾರಿನಲ್ಲಿ ಫ್ರೇಮಿನ ಮುಂಭಾಗದಲ್ಲಿ ಓರೆಯಾದ ಸ್ಕ್ರೂ ಇದ್ದರೆ ಅದು ಕಪ್ಪುಮದ್ದಿನ ಕಾಲದ್ದು. ಅಡ್ಡಲಾಗಿ ಒತ್ತುವ ಸ್ಪ್ರಿಂಗ್ ಚಿಲಕವಿದ್ದರೆ ಅನಂತರದ್ದು, ಆದರೂ ಅದೊಂದನ್ನೇ ನಂಬಿ ಹೊಗೆರಹಿತ ಮದ್ದಿನ ತೋಟಾ ಹಾಕುವಂತಿಲ್ಲ. ಕೋಲ್ಟ್ ಆ ಭರವಸೆ ಕೊಟ್ಟದ್ದು 1900ರಿಂದ ಈಚೆಗೆ. ನಕಲಿ ಗುರುತು, ನಕಲಿ ಸೇನಾ ಮುದ್ರೆ, ಕತ್ತರಿಸಿ ಮತ್ತೆ ಉದ್ದಮಾಡಿದ ನಳಿಗೆ, ಎಲ್ಲ ಬಗೆಯ ಮೋಸವೂ ಹೆಚ್ಚಾಗಿ ನಡೆಯುವುದು ಈ ಮೊದಲ ತಲೆಮಾರಿನ ಮೇಲೆಯೇ. ಕೋಲ್ಟ್ ಕಂಪನಿಯ ದಾಖಲೆ ವಿಭಾಗ ಕ್ರಮಸಂಖ್ಯೆಯನ್ನು ಹಿಡಿದು ಮೂಲ ಕ್ಯಾಲಿಬರ್, ನಳಿಗೆಯ ಉದ್ದ, ಕಳುಹಿಸಿದ ದಿನಾಂಕವನ್ನು ತಿಳಿಸುವ ಪತ್ರ ಕೊಡುತ್ತದೆ. ಆ ಪತ್ರವಿಲ್ಲದೆ ಮೊದಲ ತಲೆಮಾರಿನದನ್ನು ಕೊಳ್ಳುವವರು ಮಾರುವವನ ಕತೆಯನ್ನು ಕೊಳ್ಳುತ್ತಿರುತ್ತಾರೆ.

ಇಟಲಿಯ ಉಬರ್ತಿ ಕಂಪನಿಯ ಪ್ರತಿಕೃತಿಗಳನ್ನು ಹೀಗಳೆಯುವವರಿದ್ದಾರೆ. ನಾನು ಆ ಗುಂಪಿನಲ್ಲಿಲ್ಲ. ಆಕಾರ, ತೂಕ, ಹ್ಯಾಮರ್ ಎಳೆಯುವಾಗಿನ ಸದ್ದು ಬೇಕೆಂದರೆ ಅವು ಸಾಕು, ಗುಂಡು ಹಾರಿಸಲು ಅಂಜಬೇಕಾಗಿಯೂ ಇಲ್ಲ. ರೂಗರ್ ಬ್ಲ್ಯಾಕ್‌ಹಾಕ್‌ನದು ಬೇರೆಯೇ ವಾದ. 1955ರಲ್ಲಿ ಬಂದ ಇದು ಹಳೆಯ ಚಪ್ಪಟೆ ಸ್ಪ್ರಿಂಗುಗಳ ಜಾಗದಲ್ಲಿ ಸುರುಳಿ ಸ್ಪ್ರಿಂಗುಗಳನ್ನು ಇಟ್ಟಿತು, ಹೊಂದಿಸಬಹುದಾದ ಗುರಿಕಣ್ಣು ಕೊಟ್ಟಿತು. 1973ರ ‘ನ್ಯೂ ಮಾಡೆಲ್’ನಿಂದ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ತೋಟಾಕ್ಕೆ ಮುಟ್ಟಿಸುವ ತುಂಡು) ಬಂದು ಆರೂ ಕೋಣೆಗಳನ್ನು ತುಂಬಿ ನಿಶ್ಚಿಂತೆಯಿಂದ ಇರುವಂತಾಯಿತು. ಅದಕ್ಕೂ ಮುಂಚಿನ ಮೂರು ಸ್ಕ್ರೂಗಳ ಬ್ಲ್ಯಾಕ್‌ಹಾಕ್‌ಗಳನ್ನು ಕಂಪನಿ ಉಚಿತವಾಗಿ ಸುರಕ್ಷಿತ ಮಾದರಿಗೆ ಬದಲಿಸಿಕೊಟ್ಟು, ತೆಗೆದ ಹಳೆಯ ಭಾಗಗಳನ್ನೂ ಹಿಂದಿರುಗಿಸುತ್ತಿತ್ತು. ಬದಲಿಸಿದ ಮೂರು ಸ್ಕ್ರೂವಿನದು ಸಿಕ್ಕರೆ ಆ ಹಳೆಯ ಭಾಗಗಳ ಪೊಟ್ಟಣ ಎಲ್ಲಿದೆ ಎಂದು ಕೇಳಿ. ಹೆಚ್ಚು ಗುಂಡು ಹಾರಿಸುವವರಿಗೆ ರೂಗರ್, ಚರಿತ್ರೆ ಬೇಕಾದವರಿಗೆ ಎರಡನೆಯ ತಲೆಮಾರಿನ ಕೋಲ್ಟ್ ಎಂಬುದು ನನ್ನ ತೀರ್ಪು.

ಪೈಥಾನೋ, ಹಳೆಯ ಸ್ಮಿತ್ತೋ?

ಸಂಗ್ರಾಹಕರ ನಡುವೆ ಇದರಷ್ಟು ಬಿಸಿಯಾದ ಜಗಳ ಇನ್ನೊಂದಿಲ್ಲ. ಕೋಲ್ಟ್ ಪೈಥಾನ್ ಹುಟ್ಟಿದ್ದು 1955ರಲ್ಲಿ. ಅದೇ ವರ್ಷ ಸ್ಮಿತ್ ಅಂಡ್ ವೆಸ್ಸನ್ ತನ್ನ ಕಾಂಬ್ಯಾಟ್ ಮ್ಯಾಗ್ನಮ್ ತಂದಿತು, ಮುಂದೆ ಮಾಡೆಲ್ 19 ಎಂದು ಹೆಸರಾದದ್ದು ಅದೇ. ಎರಡಕ್ಕೂ .357 ಮ್ಯಾಗ್ನಮ್ ತೋಟಾ, ಎರಡೂ ಪಕ್ಕಕ್ಕೆ ತೆರೆದುಕೊಳ್ಳುವ ಸಿಲಿಂಡರಿನವು. ಹಾಗಿದ್ದರೆ ಜಗಳವೇಕೆ?

ಒಳಗಿನ ಯಂತ್ರ ಬೇರೆ, ಅದಕ್ಕೆ. ಹಿಂದಿನಿಂದ ನೋಡಿದರೆ ಕೋಲ್ಟಿನ ಸಿಲಿಂಡರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಸ್ಮಿತ್‌ನದು ಅದರ ವಿರುದ್ಧಕ್ಕೆ. ಸಿಲಿಂಡರ್ ಎಡಕ್ಕೆ ತೆರೆದುಕೊಳ್ಳುವುದರಿಂದ ಕೋಲ್ಟಿನ ತಿರುಗುವಿಕೆ ಅದನ್ನು ಫ್ರೇಮಿನೊಳಕ್ಕೆ ತಳ್ಳುತ್ತದೆ, ಸ್ಮಿತ್‌ನದು ಹೊರಕ್ಕೆ. ಹೀಗಾಗಿ ಸ್ಮಿತ್‌ಗೆ ಹೊರತಳ್ಳುವ ಕಡ್ಡಿಯ ಮುಂತುದಿಯಲ್ಲೂ ಒಂದು ಬೀಗ ಬೇಕಾಯಿತು. ಹಳೆಯ ಪೈಥಾನಿನಲ್ಲಿ ಟ್ರಿಗರ್ ಪೂರ್ತಿ ಎಳೆದ ಕ್ಷಣದಲ್ಲಿ ಸಿಲಿಂಡರನ್ನು ತಿರುಗಿಸುವ ಕೊಕ್ಕೆಯೇ ಅದನ್ನು ಕದಲದಂತೆ ಒತ್ತಿ ಹಿಡಿಯುತ್ತದೆ. ಆ ಬಿಗಿತಕ್ಕೇ ಅಭಿಮಾನಿಗಳು ಮರುಳಾಗುವುದು. ಅದೇ ಕೊಕ್ಕೆ ಸವೆದರೆ ಸಿಲಿಂಡರ್ ತನ್ನ ಜಾಗಕ್ಕೆ ಬಂದು ನಿಲ್ಲುವುದು ತಡವಾಗುತ್ತದೆ, ಅದನ್ನು ಸರಿಪಡಿಸಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಟ್ರಿಗರಿನ ಎಳೆತದಲ್ಲೂ ವ್ಯತ್ಯಾಸವಿದೆ: ಹಳೆಯ ಕೋಲ್ಟ್ ಕೊನೆಕೊನೆಗೆ ಭಾರವಾಗುತ್ತದೆ, ಸ್ಮಿತ್ ಉದ್ದಕ್ಕೂ ಒಂದೇ ಸಮ.

ಈ ಶತಮಾನದ ಮೊದಲ ದಶಕದಲ್ಲಿ ನಿಂತುಹೋಗಿದ್ದ ಪೈಥಾನ್ 2020ರಲ್ಲಿ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮತ್ತೆ ಬಂತು. ಹೊಸದರ ಯಂತ್ರ ಸರಳ, ಭಾಗಗಳು ಕಡಿಮೆ. ಗುಂಡು ಹಾರಿಸಲು ಹೊಸದೇ ಮೇಲು. ಹಳೆಯದರ ನೀಲಿ ಹೊಳಪು ಮಾತ್ರ ಹಳೆಯದರಲ್ಲೇ ಇದೆ. ಹಳೆಯದನ್ನು ಕೊಂಡು ಗುಂಡು ಹಾರಿಸದೆ ಇಡುವುದು, ಹೊಸದನ್ನು ಕೊಂಡು ಸಂಗ್ರಹವೆಂದು ಹೇಳಿಕೊಳ್ಳುವುದು, ಎರಡೂ ನನಗೆ ಅಷ್ಟಾಗಿ ರುಚಿಸುವುದಿಲ್ಲ.

ಸ್ಮಿತ್‌ನ ಕಡೆಗೆ ಬಂದರೆ ಓದಲು ಸಾಕಷ್ಟು ಇದೆ. 1957ರಿಂದ ಮಾದರಿಗಳಿಗೆ ಸಂಖ್ಯೆ ಬಂತು. ಸಿಲಿಂಡರ್ ತೆರೆದಾಗ ಫ್ರೇಮಿನ ಸಂದಿಯಲ್ಲಿ ಅದು ಕಾಣುತ್ತದೆ. ಸಂಖ್ಯೆಯ ಮುಂದೆ ಅಡ್ಡಗೆರೆ ಹಾಕಿ ಬರೆದ ಇನ್ನೊಂದು ಅಂಕಿ ಎಷ್ಟನೆಯ ತಾಂತ್ರಿಕ ಬದಲಾವಣೆ ಎಂಬುದನ್ನು ಹೇಳುತ್ತದೆ. 1980ರ ದಶಕದ ಆರಂಭದವರೆಗೂ ನಳಿಗೆಯನ್ನು ಅಡ್ಡ ಮೊಳೆಯಿಂದ ಭದ್ರಪಡಿಸುತ್ತಿದ್ದರು, ಮ್ಯಾಗ್ನಮ್ ಸಿಲಿಂಡರಿನ ಕೋಣೆಗಳಲ್ಲಿ ತೋಟಾದ ಅಂಚು ಒಳಗೆ ಕೂರುವಂತೆ ಕೊರೆಯುತ್ತಿದ್ದರು. ಈ ಎರಡು ಗುರುತುಗಳನ್ನು ಸಂಗ್ರಾಹಕರು ಹುಡುಕುತ್ತಾರೆ. ಸುಮಾರು 2001ರಿಂದ ಪಕ್ಕದಲ್ಲಿ ಒಳಬೀಗದ ಕೀಲಿಯ ತೂತು ಬಂತು, ಅದನ್ನು ಬೈಯದ ಸಂಗ್ರಾಹಕ ಸಿಗುವುದು ಕಷ್ಟ. ಮಾಡೆಲ್ 19ರಲ್ಲಿ ಒಂದು ದುರ್ಬಲ ಜಾಗವಿದೆ: ನಳಿಗೆಯ ಹಿಂತುದಿಯ ಕೆಳಭಾಗವನ್ನು ಸಿಲಿಂಡರಿನ ತೋಳಿಗೆ ಜಾಗ ಮಾಡಲು ಚಪ್ಪಟೆಯಾಗಿ ತೆಗೆದಿದ್ದಾರೆ. 125 ಗ್ರೇನ್ ತೂಕದ ಹಗುರ, ಪೂರ್ಣ ಬಿರುಸಿನ ಮ್ಯಾಗ್ನಮ್ ಗುಂಡುಗಳನ್ನು ಹೆಚ್ಚಾಗಿ ಹಾರಿಸಿದವುಗಳಲ್ಲಿ ಅಲ್ಲಿ ಬಿರುಕು ಬಿಡುತ್ತದೆ. ಟಾರ್ಚ್ ಹಾಕಿ ಆ ಜಾಗವನ್ನು ನೋಡದೆ ಕೊಳ್ಳಬೇಡಿ. ಕಂಪನಿ 1980ರಲ್ಲಿ ತುಸು ದೊಡ್ಡದಾದ ಎಲ್ ಫ್ರೇಮ್ ತಂದದ್ದರ ಹಿಂದೆ ಈ ತೊಂದರೆಯೂ ಇತ್ತು.

ಆದರೆ ನನ್ನ ಕಣ್ಣು ಹೋಗುವುದು ಮಾಡೆಲ್ 10ರ ಮೇಲೆ. 1899ರ ಮಿಲಿಟರಿ ಅಂಡ್ ಪೊಲೀಸ್ ಮಾದರಿಯ ನೇರ ಸಂತಾನ. ಎಲ್ಲ ರೂಪಗಳೂ ಸೇರಿ 60 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಎಲ್ಲೆಲ್ಲೂ ಸಿಗುತ್ತದೆ ಎಂಬ ಕಾರಣಕ್ಕೆ ಸಂಗ್ರಾಹಕರು ತಿರುಗಿಯೂ ನೋಡುವುದಿಲ್ಲ. ಇಪ್ಪತ್ತನೆಯ ಶತಮಾನದ ಪೊಲೀಸ್ ರಿವಾಲ್ವರ್ ಎಂದರೆ ಬಹುಪಾಲು ಇದೇ. ಇದು ಇಲ್ಲದ ಸಂಗ್ರಹದಲ್ಲಿ ಪೈಥಾನ್ ಇದ್ದರೆ ಏನೋ ತಲೆಕೆಳಗಾಗಿದೆ ಎಂದು ನನಗೆ ಅನ್ನಿಸುತ್ತದೆ.

ಇದೇ ವಂಶದಲ್ಲಿ ವಿಚಿತ್ರವಾದದ್ದು ಬೇಕೆಂದರೆ ನಳಿಗೆಯನ್ನು ಮನೆಯಲ್ಲೇ ಬದಲಿಸಬಹುದಾದ ಡ್ಯಾನ್ ವೆಸ್ಸನ್, ಅಥವಾ ಫ್ರೆಂಚ್ ಪೊಲೀಸ್ ಪಡೆಗಳಿಗೆಂದು ರೂಪುಗೊಂಡ ಮಾನ್ಯುರಾಂ ಎಂಆರ್73 ನೋಡಬಹುದು.

ಬಗ್ಗಿ ತೆರೆದುಕೊಳ್ಳುವವು: ವೆಬ್ಲಿ ಮತ್ತು ಬಂಧುಗಳು

ಹೆಚ್ಚಿನವರ ಕಪಾಟಿನಲ್ಲಿ ಇರುವ ತೆರವು ಇಲ್ಲೇ. ವೆಬ್ಲಿ ಮಾರ್ಕ್ 1 ಬ್ರಿಟಿಷ್ ಸೇನೆಗೆ ಬಂದದ್ದು 1887ರಲ್ಲಿ, ಎಲ್ಲರಿಗೂ ಗೊತ್ತಿರುವ ಆರು ಅಂಗುಲ ನಳಿಗೆಯ ಮಾರ್ಕ್ 6 ಬಂದದ್ದು 1915ರಲ್ಲಿ. ಹ್ಯಾಮರಿನ ಪಕ್ಕದ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ನಕ್ಷತ್ರದಾಕಾರದ ತಟ್ಟೆ ಮೇಲೆದ್ದು ಆರೂ ತೋಟಾಗಳನ್ನು ಹೊರಕ್ಕೆ ಎಸೆಯುತ್ತದೆ. ಆ ಒಂದು ಚಲನೆಯನ್ನು ನೋಡಿದವರಿಗೆ ಪಕ್ಕಕ್ಕೆ ತೆರೆಯುವ ಸಿಲಿಂಡರ್ ಗೆದ್ದದ್ದು ವೇಗದಿಂದಲ್ಲ, ಗಟ್ಟಿತನದಿಂದ ಎಂಬುದು ತಾನಾಗಿ ಹೊಳೆಯುತ್ತದೆ: ಬಗ್ಗುವ ಕೀಲಿನ ಫ್ರೇಮ್ ಮ್ಯಾಗ್ನಮ್‌ನಂಥ ಒತ್ತಡಕ್ಕೆ ಒಗ್ಗುವುದಿಲ್ಲ.

ಒಂದು ಎಚ್ಚರಿಕೆ. ಅಮೆರಿಕಕ್ಕೆ ಹೋದ ಅನೇಕ .455 ವೆಬ್ಲಿಗಳ ಸಿಲಿಂಡರಿನ ಹಿಂಭಾಗವನ್ನು ತೆಳುವಾಗಿ ಹೆರೆದು, ಅರ್ಧಚಂದ್ರಾಕಾರದ ಕ್ಲಿಪ್ಪಿನಲ್ಲಿ ಪಿಸ್ತೂಲಿನ .45 ಎಸಿಪಿ ತೋಟಾ ಹಿಡಿಯುವಂತೆ ಮಾಡಿದ್ದಾರೆ. ಕಾರ್ಖಾನೆಯ .45 ಎಸಿಪಿ ತೋಟಾದ ಒತ್ತಡ ಈ ಆಯುಧದ ಪರೀಕ್ಷಾ ಒತ್ತಡದ ಮಟ್ಟಕ್ಕೇ ಹೋಗುತ್ತದೆ. ಹೆರೆದ ಸಿಲಿಂಡರಿನಲ್ಲಿ ಕ್ರಮಸಂಖ್ಯೆಯ ಭಾಗವೋ ಹಲ್ಲುಗಳ ಅಂಚೋ ಅಳಿದಿರುವುದರಿಂದ ಗುರುತಿಸುವುದು ಸುಲಭ. ಸಂಗ್ರಹದ ದೃಷ್ಟಿಯಿಂದ ಹೆರೆಯದ್ದು ಎಷ್ಟೋ ಮೇಲು, ಅದಕ್ಕೆ .455 ತೋಟಾ ಸಿಗುವುದು ಮಾತ್ರ ಕಷ್ಟ.

ತೋಟಾದ ತಲೆನೋವು ಬೇಡವೆಂದರೆ ಎನ್‌ಫೀಲ್ಡ್ ನಂಬರ್ 2 ಅಥವಾ .38 ವೆಬ್ಲಿ ಮಾರ್ಕ್ 4. ಇವುಗಳಿಗೆ ಹೊಂದುವುದು .38 ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸ್ಸನ್) ತೋಟಾ, .38 ಸ್ಪೆಷಲ್ ಅಲ್ಲ. ಎರಡರ ದಪ್ಪ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಹೋದ ಸ್ಮಿತ್ ವಿಕ್ಟರಿ ಮಾದರಿಗಳೂ ಇದೇ ದಪ್ಪ ತೋಟಾದವು. ಯುದ್ಧದ ನಂತರ ಕೆಲವನ್ನು .38 ಸ್ಪೆಷಲ್‌ಗೆಂದು ಮತ್ತೆ ಕೊರೆದು ಮಾರಿದರು. ಅವುಗಳಲ್ಲಿ ಹಾರಿಸಿದ ತೋಟಾಗಳು ಹೊಟ್ಟೆ ಉಬ್ಬಿಸಿಕೊಂಡು ಹೊರಬರುತ್ತವೆ. ಎನ್‌ಫೀಲ್ಡ್‌ನಲ್ಲಿ ಹ್ಯಾಮರಿನ ಬಾಲ ಕತ್ತರಿಸಿದ್ದರೆ ಅದು ಯಾರದೋ ಕಿತಾಪತಿಯಲ್ಲ, 1938ರಿಂದ ಅದೇ ಅಧಿಕೃತ ರೂಪ.

ಸ್ಮಿತ್ ಮಾಡೆಲ್ 3ರ ಅಸಲಿಗಳು ದುರ್ಲಭ. ಅದರ ಸ್ಕೋಫೀಲ್ಡ್ ರೂಪದ ಪ್ರತಿಕೃತಿಗಳಿವೆ, ಆದರೆ .45 ಕೋಲ್ಟ್ ತೋಟಾ ಹಿಡಿಯಲೆಂದು ಸಿಲಿಂಡರನ್ನು ಉದ್ದ ಮಾಡಿರುತ್ತಾರೆ. ವಿಪರ್ಯಾಸವೆಂದರೆ ಅಮೆರಿಕದ ಸೇನೆಯಲ್ಲಿ ಅಸಲಿ ಸ್ಕೋಫೀಲ್ಡ್‌ಗೆ ಹೊಡೆತ ಬಿದ್ದದ್ದೇ ಅದಕ್ಕೆ ಕೋಲ್ಟಿನ ಉದ್ದ ತೋಟಾ ಹಿಡಿಯುತ್ತಿರಲಿಲ್ಲ ಎಂಬ ಕಾರಣಕ್ಕೆ.

ನಾಗಾಂ, ಕೇಪಿನ ರಿವಾಲ್ವರ್, .22

1895ರ ರಷ್ಯನ್ ನಾಗಾಂ ಏಳು ಗುಂಡಿನದು. ಹ್ಯಾಮರ್ ಎಳೆದಾಗ ಸಿಲಿಂಡರ್ ಮುಂದಕ್ಕೆ ಸರಿದು ನಳಿಗೆಗೆ ಅಂಟಿಕೊಳ್ಳುತ್ತದೆ, ಗುಂಡು ಪೂರ್ತಿ ಒಳಗೆ ಹುದುಗಿರುವ ಉದ್ದನೆಯ ತೋಟಾದ ಬಾಯಿ ಉಳಿದ ಸಂದನ್ನು ಮುಚ್ಚುತ್ತದೆ. ರಿವಾಲ್ವರಿನ ಹುಟ್ಟುಗುಣವಾದ ಅನಿಲ ಸೋರಿಕೆಯನ್ನು ಹೀಗೆ ತಡೆದದ್ದು ಬುದ್ಧಿವಂತಿಕೆಯೇ. ಬೆಲೆ ತೆತ್ತದ್ದು ಬೆರಳು: ಡಬಲ್ ಆ್ಯಕ್ಷನ್ (ಹ್ಯಾಮರನ್ನು ಮೊದಲೇ ಎಳೆಯದೆ ಟ್ರಿಗರಿನಿಂದಲೇ ಹಾರಿಸುವ) ಎಳೆತ ಅಸಾಧ್ಯ ಭಾರ. ಬಹಳಷ್ಟು ನಾಗಾಂಗಳು ಶಸ್ತ್ರಾಗಾರದಲ್ಲಿ ದುರಸ್ತಿಯಾಗಿ ಹೊಸ ಬಣ್ಣ ಹೊಡೆಸಿಕೊಂಡು ಬಂದವು, ಹೊಳಪು ಕಂಡು ಹೊಸದೆಂದುಕೊಳ್ಳಬೇಡಿ.

ಕೇಪು ಹಾಕುವ ಕಾಲದ ಪ್ರತಿಕೃತಿಗಳಲ್ಲಿ ಆಯ್ಕೆ ಮುಖ್ಯವಾಗಿ ಎರಡು. 1851ರ ಕೋಲ್ಟ್ ನೇವಿಗೆ ಸಿಲಿಂಡರಿನ ಮೇಲೆ ಪಟ್ಟಿಯಿಲ್ಲ, ನಳಿಗೆಯನ್ನು ಒಂದು ಬೆಣೆ ಹಿಡಿದಿಡುತ್ತದೆ. ರೆಮಿಂಗ್ಟನ್‌ಗೆ ಮೇಲೆ ಪಟ್ಟಿಯಿದೆ, ಫ್ರೇಮ್ ಗಟ್ಟಿ. ನೋಟಕ್ಕೆ ಕೋಲ್ಟ್, ಬಾಳಿಕೆಗೆ ರೆಮಿಂಗ್ಟನ್. ಹಿತ್ತಾಳೆ ಫ್ರೇಮಿನ .44 ‘ನೇವಿ’ ಎಂದು ಮಾರುವುದನ್ನು ಬಿಡಿ: ಕೋಲ್ಟಿನ 1851ರ ನೇವಿ .36 ಮಾತ್ರ, ಉಕ್ಕು ಬಿಟ್ಟು ಹಿತ್ತಾಳೆಯ ಫ್ರೇಮ್ ಹಾಕಿದವರು ಅಮೆರಿಕದ ಅಂತರ್ಯುದ್ಧದ ಕಾಲದ ದಕ್ಷಿಣದ ಕೆಲವು ತಯಾರಕರು, ಅದೂ .36ರಲ್ಲೇ. ಹೆಚ್ಚು ಮದ್ದು ಹಾಕಿದರೆ ಹಿತ್ತಾಳೆ ಹಿಗ್ಗುತ್ತದೆ ಕೂಡ. ಕಪ್ಪುಮದ್ದಿನ ಮಸಿ ಗಾಳಿಯ ತೇವವನ್ನು ಹೀರುತ್ತದೆ, ಅಂದೇ ಬಿಸಿನೀರಿನಲ್ಲಿ ತೊಳೆಯಬೇಕು. ಅಷ್ಟು ವ್ಯವಧಾನವಿಲ್ಲದವರಿಗೆ ಈ ದಾರಿ ಬೇಡ.

.22 ಕೊಳ್ಳುವುದನ್ನು ಯಾರೂ ಹೊಗಳುವುದಿಲ್ಲ, ಕೊಂಡವರು ಮಾರುವುದೂ ಇಲ್ಲ. ಎರಡನೆಯ ಮಹಾಯುದ್ಧದ ನಂತರದ ಸ್ಮಿತ್ ಕೆ-22 ಮಾಸ್ಟರ್‌ಪೀಸ್, ಮುಂದೆ ಮಾಡೆಲ್ 17, ಇಲ್ಲಿನ ಶ್ರೇಷ್ಠ. ಅದೇ ಸಾಲಿನ ಕೆ-32, ಕೆ-38ಗಳ ತೂಕವೂ ಇದಕ್ಕೆ ಹೊಂದುವಂತೆ ನಳಿಗೆಯ ಮೇಲಿನ ಏಣನ್ನು ಅಗಲ ಕಿರಿದು ಮಾಡಿದ್ದರು. ಮೂರನ್ನೂ ಜೋಡಿಸುವ ಆಸೆ ಹುಟ್ಟಿದರೆ ಅದು ಒಂದೇ ಬಗೆಯದನ್ನು ಕೂಡಿಹಾಕುವ ರೋಗವಲ್ಲ, ಅಲ್ಲಿ ಒಂದು ವಿಚಾರವಿದೆ.

ಕೈಗೆತ್ತಿಕೊಂಡಾಗ

ದಾರಿ ಯಾವುದೇ ಇರಲಿ, ಸ್ಥಿತಿ ವಿರಳತೆಗಿಂತ ಮುಖ್ಯ. ಖಾಲಿಯೇ ಎಂದು ಕಣ್ಣಾರೆ ನೋಡಿ, ಅನುಮತಿ ಕೇಳಿ ಶುರುಮಾಡಿ. ಸಿಲಿಂಡರಿಗೆ ಬೆರಳು ಲಘುವಾಗಿ ತಾಗಿಸಿ ಹ್ಯಾಮರನ್ನು ನಿಧಾನ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಹೊತ್ತಿಗೆ ಸಿಲಿಂಡರ್ ಬೀಗ ಬಿದ್ದಿರಬೇಕು, ಪ್ರತಿ ಕೋಣೆಯಲ್ಲೂ. ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿ, ಎದ್ದುಕಾಣುವಷ್ಟು ಜಾರಿದರೆ ಸವೆದಿದೆ ಎಂದರ್ಥ. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದು 0.1ರಿಂದ 0.2 ಮಿಲಿಮೀಟರಿನಷ್ಟಿದ್ದರೆ ಸರಿ. ಸಿನಿಮಾದವರಂತೆ ಸಿಲಿಂಡರನ್ನು ಮಣಿಕಟ್ಟಿನ ಜೋರಿನಿಂದ ಮುಚ್ಚುವ ಮಾರಾಟಗಾರ ಎದುರಾದರೆ ಅವನ ಸರಕಿನ ತೋಳು ಬಾಗಿರುವ ಸಂಭವವೇ ಹೆಚ್ಚು.

ಮತ್ತೆ ಬಣ್ಣ ಕೊಟ್ಟದ್ದನ್ನು ಹಿಡಿಯಲು ಅಕ್ಷರಗಳನ್ನು ನೋಡಿ. ಕಂಪನಿಯ ಮುದ್ರೆಯ ಅಂಚು ಮಸುಕಾಗಿದ್ದರೆ, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗಿದ್ದರೆ, ಮೂಲೆಗಳು ದುಂಡಗಾಗಿದ್ದರೆ ಉಜ್ಜುಚಕ್ರ ಹರಿದಾಡಿದೆ. ಸವೆದ ಅಸಲಿ ಬಣ್ಣ, ಹೊಳೆಯುವ ಹೊಸ ಬಣ್ಣ ಎರಡೂ ಮುಂದಿದ್ದರೆ ಸವೆದದ್ದನ್ನೇ ಎತ್ತಿಕೊಳ್ಳಿ. ಹಳೆಯ ಸ್ಮಿತ್‌ಗಳಲ್ಲಿ ಹಿಡಿಯ ಬುಡ, ಸಿಲಿಂಡರಿನ ಹಿಂಭಾಗ, ನಳಿಗೆಯ ತಳ ಮೂರರಲ್ಲೂ ಒಂದೇ ಕ್ರಮಸಂಖ್ಯೆ ಇರಬೇಕು, ಮರದ ಹಿಡಿಯ ಒಳಮೈಯಲ್ಲೂ ಹಲವು ಸಲ ಅದೇ ಸಂಖ್ಯೆ ಇರುತ್ತದೆ.

ಈಗ ಆಯ್ಕೆ. ಇರುವುದೆಲ್ಲ ಆಧುನಿಕ ಡಬಲ್ ಆ್ಯಕ್ಷನ್ ಆಗಿದ್ದರೆ ಮುಂದಿನದು ವೆಬ್ಲಿ ಅಥವಾ ಎನ್‌ಫೀಲ್ಡ್. ಇದರಲ್ಲಿ ನನಗೆ ಎರಡನೆಯ ಯೋಚನೆಯಿಲ್ಲ. ಹಳೆಯ ಸೇನಾ ರಿವಾಲ್ವರುಗಳೇ ತುಂಬಿದ್ದರೆ, ಗುಂಡು ಹಾರಿಸಲು ಒಂದೂ ಇಲ್ಲದಿದ್ದರೆ, ಕೆ-22 ಅಥವಾ ರೂಗರ್. ಸಿಂಗಲ್ ಆ್ಯಕ್ಷನ್ ಇದ್ದೂ ಅದರ ಹಿಂದಿನ ಕಾಲ ತಿಳಿಯಬೇಕೆಂದರೆ ಉಕ್ಕಿನ ಫ್ರೇಮಿನ .36 ನೇವಿ. ಪೈಥಾನ್ ಬೇಕೇ ಬೇಕು ಎಂದು ಮನಸ್ಸು ಹಟ ಹಿಡಿದಿದ್ದರೆ ಕೊಂಡುಬಿಡಿ, ಆದರೆ ಅದಕ್ಕೂ ಮೊದಲು ಒಂದು ಮಾಡೆಲ್ 10 ತನ್ನಿ. ಎರಡನ್ನೂ ಖಾಲಿ ಮಾಡಿ, ಸೂಜಿಮೊಳೆಗೆ ಪೆಟ್ಟಾಗದಂತೆ ಡಮ್ಮಿ ತೋಟಾ ಹಾಕಿ, ಒಂದಾದ ಮೇಲೊಂದರಂತೆ ಟ್ರಿಗರ್ ಎಳೆದು ನೋಡಿ. ಮನೆಗೆ ತಂದದ್ದನ್ನು ಬೀಗದ ಕಪಾಟಿನಲ್ಲಿ, ತೋಟಾಗಳಿಂದ ಬೇರೆಯಾಗಿ ಇಡಿ. ಚರ್ಮದ ಒರೆಯಲ್ಲಿ ಇಡಬೇಡಿ, ಚರ್ಮ ತೇವ ಹಿಡಿದು ಉಕ್ಕಿಗೆ ತುಕ್ಕು ತರಿಸುತ್ತದೆ. ನಿಕಲ್ ಲೇಪದವುಗಳಿಗೆ ಅಮೋನಿಯಾ ಇರುವ, ನಳಿಗೆ ತೊಳೆಯುವ ದ್ರಾವಣ ಸೋಕಿಸಲೂಬೇಡಿ. ಅಡಿಯಲ್ಲಿ ತಾಮ್ರದ ಪದರವಿದ್ದರೆ ಅದು ಕರಗಿ ಮೇಲಿನ ನಿಕಲ್ ಹೊಪ್ಪಳೆಯಾಗಿ ಏಳುತ್ತದೆ.